ತಲೆಬರಹದಲ್ಲಿ ಏನನ್ನು ಹೇಳಬೇಕು, ಯಾವ ಒಂದನ್ನು ಉಳಿಸಿಕೊಳ್ಳಬೇಕು?

ಪ್ರಶ್ನೆ: ಶಿರಸಿ ಕಡೆಯ ಸಹಕಾರ ಸಂಘವೊಂದರ ಮಾಸಪತ್ರಿಕೆಗೆ ಕೃಷಿ ಬರಹಗಳನ್ನು ಸಿದ್ಧಪಡಿಸುತ್ತೇನೆ. ಅವೇ ಬರಹಗಳ ಲಿಂಕ್ ಸದಸ್ಯರ ವಾಟ್ಸ್‌ಆ್ಯಪ್ ಗುಂಪುಗಳಿಗೂ ಹೋಗುತ್ತದೆ. ಓದಿದವರು ಉಪಯೋಗವಾಯಿತು ಅನ್ನುತ್ತಾರೆ, ಆದರೆ ಲಿಂಕ್ ತೆರೆಯುವವರೇ ಕಡಿಮೆ. ಮಳೆಗಾಲದ ಒಂದು ಲೇಖನಕ್ಕೆ ‘ಅಡಿಕೆ ಕೊಳೆರೋಗ ನಿಯಂತ್ರಣದಲ್ಲಿ ಬೋರ್ಡೋ ದ್ರಾವಣದ ಮಹತ್ವ’ ಎಂದು ತಲೆಬರಹ ಕೊಟ್ಟಿದ್ದೆ. ಮೈಲುತುತ್ತು (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಬೆರೆಸಿ ಈ ದ್ರಾವಣ ತಯಾರಿಸುವ ಕ್ರಮ, ಅದನ್ನು ಪರೀಕ್ಷಿಸುವ ವಿಧಾನ, ಸಿಂಪಡಣೆಯ ಸಮಯ ಎಲ್ಲವೂ ಅದರಲ್ಲಿದ್ದವು. ‘ಕೇಳಿದ್ರೆ ಶಾಕ್ ಆಗ್ತೀರಾ’ ಎಂಬಂಥದ್ದನ್ನು ಬರೆಯಲು ಮನಸ್ಸು ಒಪ್ಪುವುದಿಲ್ಲ. ಸುಳ್ಳು ಹೇಳದೆ ಕುತೂಹಲ ಹುಟ್ಟಿಸುವುದು ಹೇಗೆ?

ಉತ್ತರ: ನಿಮ್ಮ ತಲೆಬರಹದಲ್ಲಿ ತಪ್ಪು ಮಾಹಿತಿ ಏನೂ ಇಲ್ಲ. ಅದನ್ನು ಓದಿದ ಬೆಳೆಗಾರನಿಗೆ ಕೇಳಲು ಏನೂ ಉಳಿಯುವುದಿಲ್ಲ, ತೊಂದರೆ ಅಷ್ಟೇ. ಕೊಳೆಗೆ ಬೋರ್ಡೋ ಬೇಕು ಎಂಬುದು ಮಲೆನಾಡಿನಲ್ಲಾಗಲಿ ಕರಾವಳಿಯಲ್ಲಾಗಲಿ ತೋಟ ಇರುವ ಎಲ್ಲರಿಗೂ ಗೊತ್ತು. ‘ಮಹತ್ವ’ ಎಂಬ ಪದ ಕಂಡ ಕೂಡಲೇ ‘ಗೊತ್ತಿದ್ದದ್ದೇ’ ಎಂದು ಬೆರಳು ಮುಂದಿನ ಸಂದೇಶಕ್ಕೆ ಸರಿಯುತ್ತದೆ. ‘ಮಹತ್ವ’, ‘ಪಾತ್ರ’, ‘ಒಂದು ಅವಲೋಕನ’, ‘ಸಮಸ್ಯೆಗಳು ಮತ್ತು ಪರಿಹಾರಗಳು’ ಇವೆಲ್ಲ ಬರಹದ ವಿಷಯ ಯಾವುದು ಎಂದು ತಿಳಿಸುತ್ತವೆ, ಬರಹದಲ್ಲಿ ಏನು ಸಿಗುತ್ತದೆ ಎಂದು ತಿಳಿಸುವುದಿಲ್ಲ. ಮೊದಲು ಇವನ್ನು ಬಿಡಿ.

ಕುತೂಹಲದ ಬಗ್ಗೆ ಮನಶ್ಶಾಸ್ತ್ರದಲ್ಲಿ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ ಅಮೆರಿಕದ ಜಾರ್ಜ್ ಲೋವೆನ್‌ಸ್ಟೈನ್ 1994ರಲ್ಲಿ ಒಂದು ವಿವರಣೆ ಮುಂದಿಟ್ಟರು. ನಮಗೆ ಗೊತ್ತಿರುವುದಕ್ಕೂ ಗೊತ್ತಾಗಬೇಕಾದದ್ದಕ್ಕೂ ನಡುವೆ ಒಂದು ಅಂತರ ಕಣ್ಣಿಗೆ ಬಿದ್ದಾಗ ಕುತೂಹಲ ಹುಟ್ಟುತ್ತದೆ ಎಂಬುದು ಅದರ ಸಾರ. ತಲೆಬರಹ ಬರೆಯುವವರಿಗೆ ಇದರಲ್ಲಿ ಮುಖ್ಯವಾದದ್ದು ಮೊದಲ ಅರ್ಧ. ಓದುಗನಿಗೆ ಈಗಾಗಲೇ ಏನೋ ಗೊತ್ತಿರಬೇಕು, ಅದನ್ನು ನೀವು ನೆನಪಿಸಬೇಕು. ಏನೂ ಗೊತ್ತಿಲ್ಲದ ಕಡೆ ಅಂತರವೂ ಕಾಣುವುದಿಲ್ಲ. ಹಾಗಾಗಿ ಎಲ್ಲವನ್ನೂ ಹೇಳಿಬಿಡುವ ತಲೆಬರಹ ಸೋಲುವಂತೆಯೇ ಏನನ್ನೂ ಹೇಳದ ತಲೆಬರಹವೂ ಸೋಲುತ್ತದೆ. ಸಾಕಷ್ಟನ್ನು ಕೊಟ್ಟು, ಒಂದೇ ಒಂದನ್ನು ಉಳಿಸಿಕೊಳ್ಳಬೇಕು.

ಆ ಒಂದು ಯಾವುದು ಎಂಬುದನ್ನು ತಲೆಬರಹದ ಮುಂದೆ ಕೂತು ಯೋಚಿಸಿದರೆ ಸಿಗುವುದಿಲ್ಲ, ಲೇಖನದ ಒಳಗೇ ಹುಡುಕಬೇಕು. ಲೇಖನವನ್ನು ಇನ್ನೊಮ್ಮೆ ಓದಿ, ಖಚಿತವಾದ ಸಂಗತಿಗಳಿಗೆ ಮಾತ್ರ ಅಡಿಗೆರೆ ಹಾಕಿ. ನಿಮ್ಮ ಲೇಖನದಲ್ಲಿ ಇವು ಇರಬೇಕು: ಶೇ 1ರ ಬೋರ್ಡೋಗೆ 100 ಲೀಟರ್ ನೀರು, 1 ಕೆ.ಜಿ. ಮೈಲುತುತ್ತು, 1 ಕೆ.ಜಿ. ಸುಣ್ಣ; ಎರಡನ್ನೂ ಬೇರೆ ಬೇರೆ 50 ಲೀಟರ್ ನೀರಿನಲ್ಲಿ ಕರಗಿಸಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಕದಡುತ್ತಾ ಸುರಿಯಬೇಕು; ಕಬ್ಬಿಣದ ಪಾತ್ರೆ ಬೇಡ; ಶುಭ್ರವಾದ ಚಾಕುವಿನ ಅಲಗನ್ನು ಸ್ವಲ್ಪ ಹೊತ್ತು ಅದ್ದಿ ತೆಗೆದಾಗ ಅದರ ಮೇಲೆ ಕೆಂಪು ಲೇಪ ಕಂಡರೆ ತಾಮ್ರ ಇನ್ನೂ ಬಿಡಿಯಾಗಿದೆ, ಸುಣ್ಣ ಸಾಲದು; ಮಾಡಿದ ದಿನವೇ ಬಳಸಿ ಮುಗಿಸಬೇಕು; ಮೊದಲ ಸಿಂಪಡಣೆ ಮುಂಗಾರು ಹಿಡಿಯುವ ಮುನ್ನ, ಎರಡನೆಯದು 40–45 ದಿನಗಳ ನಂತರ. ಈ ಪಟ್ಟಿಯಲ್ಲಿ ಬೆಳೆಗಾರನೊಬ್ಬ ಪಕ್ಕದ ತೋಟದವರಿಗೆ ಹೇಳಬಹುದಾದ ಸಂಗತಿ ಯಾವುದು? ಅಳತೆ ಎಲ್ಲರಿಗೂ ಬಾಯಿಪಾಠ. ಸಮಯವೂ ಬಹುತೇಕ ಗೊತ್ತು. ಚಾಕುವಿನ ಪರೀಕ್ಷೆಯನ್ನು ಕೇಳಿದವರು ಇರಬಹುದು, ಪ್ರತಿ ಬ್ಯಾರೆಲ್‌ಗೂ ಮಾಡುವವರು ಕಡಿಮೆ. ತಲೆಬರಹ ಇರುವುದು ಅಲ್ಲಿ.

ಈಗ ಲೇಖನ ಓದಿ ಮುಗಿಸಿದವನ ಕೈಗೆ ಏನು ಸಿಕ್ಕಿರುತ್ತದೆ ಎಂಬುದನ್ನು ಸಾದಾ ಮಾತಿನ ಒಂದು ವಾಕ್ಯದಲ್ಲಿ ಬರೆಯಿರಿ: ‘ದ್ರಾವಣಕ್ಕೆ ಸುಣ್ಣ ಸಾಕೋ ಸಾಲದೋ ಎಂದು ಚಾಕು ಅದ್ದಿ ತಿಳಿಯಬಹುದು, ಸಾಲದಿದ್ದರೆ ಎಳೆಗಾಯಿ ಸುಡುತ್ತದೆ.’ ಅಚ್ಚಿಗೆ ಹೋಗುವ ತಲೆಬರಹ ಇದಲ್ಲ. ಮುಂದೆ ನೀವು ಬರೆಯುವ ಯಾವ ತಲೆಬರಹವೂ ಈ ವಾಕ್ಯಕ್ಕಿಂತ ಹೆಚ್ಚಿನ ಭರವಸೆ ಕೊಡಬಾರದು, ಇದು ಅದಕ್ಕೆ ಹಾಕಿದ ಗಡಿ. ಇಂಥ ವಾಕ್ಯ ಹೊಳೆಯದಿದ್ದರೆ ಲೇಖನದಲ್ಲೇ ಕೊರತೆ ಇದೆ ಎಂದು ತಿಳಿಯಿರಿ. ಆಗ ತಲೆಬರಹ ತಿದ್ದಿ ಪ್ರಯೋಜನವಿಲ್ಲ.

ಆಮೇಲೆ ಹತ್ತಾದರೂ ತಲೆಬರಹ ಬರೆಯಿರಿ. ಮೊದಲ ಮೂರು ನಾಲ್ಕು ಎಲ್ಲರ ತಲೆಗೂ ಬರುವಂಥವೇ ಆಗಿರುತ್ತವೆ. 2012ರಲ್ಲಿ ಅಮೆರಿಕದಲ್ಲಿ ಶುರುವಾದ ಅಪ್‌ವರ್ದಿ ಎಂಬ ಜಾಲತಾಣದಲ್ಲಿ ಒಂದೊಂದು ಬರಹಕ್ಕೂ 25 ತಲೆಬರಹ ಬರೆಯಬೇಕೆಂಬ ನಿಯಮವೇ ಇತ್ತು. ಅವರ ಶೈಲಿಯನ್ನು ಅನುಸರಿಸಬೇಕಿಲ್ಲ, ಆ ಅಭ್ಯಾಸ ಮಾತ್ರ ಬೆಲೆಬಾಳುತ್ತದೆ. ನಿಮ್ಮ ಲೇಖನಕ್ಕೆ ಬರಬಹುದಾದ ಕೆಲವನ್ನು ಇಲ್ಲಿ ತೂಗಿ ನೋಡೋಣ.

‘ಬೋರ್ಡೋ ಸಿಂಪಡಿಸುವ ಮುನ್ನ ಈ ಒಂದು ತಪ್ಪು ಮಾಡಬೇಡಿ!’ ಇಲ್ಲಿ ‘ಈ’ ಎಂಬುದು ಏನನ್ನೂ ಸೂಚಿಸುವುದಿಲ್ಲ. ತಪ್ಪು ಮೈಲುತುತ್ತಿನದೇ, ಪಂಪಿನದೇ, ಮರ ಹತ್ತಿ ಸಿಂಪಡಿಸುವ ಕೊನೆಗೌಡನದೇ, ಯಾವುದೂ ತಿಳಿಯದು. ಉದ್ಗಾರ ಚಿಹ್ನೆಯಿಂದ ಆ ಖಾಲಿ ತುಂಬುವುದಿಲ್ಲ.

‘ಮೈಲುತುತ್ತು 1 ಕೆ.ಜಿ., ಸುಣ್ಣ 1 ಕೆ.ಜಿ., ನೀರು 100 ಲೀಟರ್: ಬೋರ್ಡೋ ಮಾಡುವ ಕ್ರಮ’. ಹೊಸದಾಗಿ ತೋಟ ವಹಿಸಿಕೊಂಡವರಿಗೆ, ಗೂಗಲ್‌ನಲ್ಲಿ ಹುಡುಕುವವರಿಗೆ ಇದು ಒಳ್ಳೆಯ ತಲೆಬರಹ. ನಿಮ್ಮ ಸಂಘದ ಸದಸ್ಯರಿಗೆ ಇದರಲ್ಲಿ ಅಂತರವೇ ಇಲ್ಲ.

‘ಔಷಧಿ ಹೊಡೆದರೂ ಕೊಳೆ ಬಂತೇ?’ ನೋವಿನ ಜಾಗಕ್ಕೆ ನೇರ ಹೋಗುತ್ತದೆ, ಆದರೆ ಕಾರಣಗಳು ನೂರಿರಬಹುದು, ಹಾಗಾಗಿ ಮಾತು ತೇಲಿಹೋಗುತ್ತದೆ. ‘ಔಷಧಿ ಹೊಡೆದರೂ ಕೊಳೆ ಬಂತೇ? ಸುಣ್ಣ ನೋಡಿ’ ಎಂದರೆ ಕಾರಣದ ದಿಕ್ಕು ಸಿಗುತ್ತದೆ. ಆದರೂ ಇದನ್ನು ಬಳಸಬೇಕಾದರೆ ಸುಣ್ಣದ ದೋಷದಿಂದ ರೋಗ ಹೇಗೆ ಉಳಿಯುತ್ತದೆ ಎಂಬುದು ಲೇಖನದಲ್ಲಿ ಇರಲೇಬೇಕು. ಸುಣ್ಣ ಕಡಿಮೆಯಾದರೆ ಎಳೆಗಾಯಿ, ಸಿಂಗಾರ (ಹೂಗೊಂಚಲು) ಸುಡುತ್ತವೆ ಎಂದು ಮಾತ್ರ ಲೇಖನ ಹೇಳುತ್ತಿದ್ದರೆ ಈ ತಲೆಬರಹ ಗಡಿ ದಾಟಿದೆ. ಬಹಳ ಜನ ಎಡವುವುದು ಇಲ್ಲಿಯೇ. ತಲೆಬರಹದ ಒಂದೊಂದು ಪದವೂ ನಿಜ, ಆದರೆ ಅದು ಎಬ್ಬಿಸಿದ ಪ್ರಶ್ನೆಗೆ ಲೇಖನದಲ್ಲಿ ಉತ್ತರ ಇಲ್ಲ.

‘ಬೋರ್ಡೋ ಸಿಂಪಡಿಸುವ ಮೊದಲು ಚಾಕು ಅದ್ದಿ ನೋಡಿ’. ವಿಷಯ ಇದೆ, ಮಾಡಬೇಕಾದ ಕೆಲಸ ಇದೆ, ಯಾಕೆ ಎಂಬುದು ಮಾತ್ರ ಇಲ್ಲ. ದ್ರಾವಣಕ್ಕೂ ಚಾಕುವಿಗೂ ಏನು ಸಂಬಂಧ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಇನ್ನೊಂದು ಗುಣವೂ ಇದಕ್ಕಿದೆ. ಲಿಂಕ್ ತೆರೆಯದೆ ಇಷ್ಟನ್ನೇ ಓದಿದವನಿಗೂ ನಷ್ಟವಿಲ್ಲ, ಅವನೂ ಒಮ್ಮೆ ಚಾಕು ಅದ್ದಿಯಾನು.

‘ನೂರು ಲೀಟರಿಗೆ ಒಂದು ಕೆ.ಜಿ. ಸುಣ್ಣ ಯಾವಾಗ ಸಾಲದು?’ ಅನುಭವಿ ಬೆಳೆಗಾರರ ಗುಂಪಿಗಾದರೆ ಇದೇ ನನ್ನ ಆಯ್ಕೆ. ಅವರು ಕಣ್ಣುಮುಚ್ಚಿ ಪಾಲಿಸುವ ಅಳತೆಯನ್ನೇ ಹಿಡಿದು, ಅದು ತಪ್ಪುವ ಸಂದರ್ಭವೂ ಇದೆ ಎನ್ನುತ್ತದೆ. ಬಹುಕಾಲ ಗಾಳಿಗೆ ತೆರೆದಿಟ್ಟ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಸತ್ವ ಕಳೆದುಕೊಳ್ಳುತ್ತದೆ, ಹಾಗಾಗಿ ತೂಕ ಸರಿಯಿದ್ದರೂ ಕೆಲಸಕ್ಕೆ ಸಾಲುವುದಿಲ್ಲ ಎಂಬ ಉತ್ತರ ಲೇಖನದಲ್ಲಿ ಸಿದ್ಧವಿರಬೇಕು. ಓದುಗನಿಗೆ ಹೆಚ್ಚು ಗೊತ್ತಿದ್ದಷ್ಟೂ ಸಣ್ಣ, ಚೂಪಾದ ಅಂತರ ಸಾಕಾಗುತ್ತದೆ. ಗೊತ್ತಿರುವುದು ಕಡಿಮೆಯಾದಷ್ಟೂ ತಲೆಬರಹದಲ್ಲಿ ಹೆಚ್ಚು ಹೇಳಬೇಕಾಗುತ್ತದೆ. ಒಂದೇ ಲೇಖನ ಎರಡು ಗುಂಪಿಗೆ ಹೋಗುವಾಗ ಎರಡು ತಲೆಬರಹ ಇಟ್ಟುಕೊಳ್ಳುವುದರಲ್ಲಿ ತಪ್ಪಿಲ್ಲ.

ಬೇರೆ ಬೇರೆಯಾಗಿ ಗೊತ್ತಿರುವ ಎರಡು ಸಂಗತಿಗಳನ್ನು ಅಕ್ಕಪಕ್ಕ ಇಡುವುದೂ ನಿಮ್ಮಂಥ ಬರಹಗಳಿಗೆ ಚೆನ್ನಾಗಿ ಒದಗುತ್ತದೆ. ‘ಅಡಿಕೆಗೆ ಕೊಳೆ, ಮೆಣಸಿಗೆ ಸೊರಗು: ಎರಡಕ್ಕೂ ಕಾರಣ ಒಂದೇ ಕುಲ’. ಅಡಿಕೆಯ ಕೊಳೆರೋಗಕ್ಕೂ ಕಾಳುಮೆಣಸಿನ ಶೀಘ್ರ ಸೊರಗು ರೋಗಕ್ಕೂ ಫೈಟೊಫ್ತೊರಾ ಕುಲದ ರೋಗಾಣುಗಳೇ ಕಾರಣ. ಅಡಿಕೆ ಮರಕ್ಕೇ ಮೆಣಸಿನ ಬಳ್ಳಿ ಹಬ್ಬಿಸಿದವನು ಇದನ್ನು ಓದದೆ ಬಿಡುವುದು ಕಷ್ಟ.

ವಾಕ್ಯದ ಕಟ್ಟು

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಫೋನಿನಲ್ಲಿ ಉದ್ದದ ತಲೆಬರಹವನ್ನು ಕತ್ತರಿಸುವುದೂ ಕೊನೆಯಲ್ಲೇ. ಈ ಎರಡೂ ಸೇರಿದರೆ ಮುಖ್ಯವಾದದ್ದೇ ಮಾಯವಾಗುತ್ತದೆ. ‘ಮುಂಗಾರು ಆರಂಭವಾಗುವ ಮೊದಲು ಅಡಿಕೆ ಬೆಳೆಗಾರರು ತಪ್ಪದೇ ಮಾಡಬೇಕಾದ ಬೋರ್ಡೋ ಪರೀಕ್ಷೆ’ ಎಂಬುದು ‘ಮುಂಗಾರು ಆರಂಭವಾಗುವ ಮೊದಲು ಅಡಿಕೆ ಬೆಳೆಗಾರರು…’ ಎಂದು ನಿಂತುಹೋದೀತು. ‘ಬೋರ್ಡೋಗೆ ಚಾಕು ಪರೀಕ್ಷೆ: ಮುಂಗಾರಿಗೆ ಮುನ್ನವೇ ಏಕೆ?’ ಎಂದು ತಿರುಗಿಸಿದರೆ ಮೊದಲ ಮೂರು ಪದಗಳಲ್ಲೇ ಹಿಡಿತ ಸಿಗುತ್ತದೆ. ಗೂಗಲ್ ಶೀರ್ಷಿಕೆಯನ್ನು ಕತ್ತರಿಸುವುದು ಪರದೆಯಲ್ಲಿ ಇರುವ ಜಾಗ ನೋಡಿ, ಅಕ್ಷರ ಎಣಿಸಿ ಅಲ್ಲ. ನಮ್ಮ ಅಕ್ಷರಗಳು ಅಗಲ, ವಿಭಕ್ತಿ ಸೇರಿದಾಗ ಪದಗಳು ಉದ್ದ. ಆದ್ದರಿಂದ ಇಂಗ್ಲಿಷ್‌ನವರು ಹೇಳುವ ಅಕ್ಷರ ಲೆಕ್ಕವನ್ನು ಇಲ್ಲಿ ನಂಬಬೇಡಿ. ಆರರಿಂದ ಒಂಬತ್ತು ಪದಗಳೊಳಗೆ ಮುಗಿಸಲು ನೋಡಿ, ಸಣ್ಣ ಪರದೆಯ ಫೋನೊಂದಕ್ಕೆ ಕಳಿಸಿ ಕಣ್ಣಾರೆ ಪರೀಕ್ಷಿಸಿ.

‘ಏ’, ‘ಆ’ ಸೇರಿಸಿ ಹೌದು–ಅಲ್ಲ ಎಂಬ ಉತ್ತರ ಬೇಡುವ ಪ್ರಶ್ನೆಗಳು ಸಾಮಾನ್ಯವಾಗಿ ಸಪ್ಪೆ. ‘ಬೋರ್ಡೋದಿಂದ ಕೊಳೆ ಪೂರ್ತಿ ನಿಲ್ಲುತ್ತದೆಯೇ?’ ಎಂದು ಕೇಳಿದರೆ ಓದುಗ ಮನಸ್ಸಿನಲ್ಲೇ ‘ಇಲ್ಲ’ ಎಂದು ಮುಂದೆ ಹೋಗುತ್ತಾನೆ. ಪ್ರಶ್ನೆಯಲ್ಲಿ ಮುಗಿಯುವ ಸುದ್ದಿ ತಲೆಬರಹಕ್ಕೆಲ್ಲ ‘ಇಲ್ಲ’ ಎಂದೇ ಉತ್ತರಿಸಬಹುದು ಎಂದು ಬ್ರಿಟನ್ನಿನ ಪತ್ರಕರ್ತ ಇಯಾನ್ ಬೆಟರಿಡ್ಜ್ 2009ರಲ್ಲಿ ಬರೆದದ್ದು ಈ ಬಗೆಯ ಪ್ರಶ್ನೆಗಳ ಬಗ್ಗೆಯೇ. ‘ಏಕೆ’, ‘ಹೇಗೆ’, ‘ಯಾವಾಗ’, ‘ಎಷ್ಟು’ ಇವು ಗಟ್ಟಿ, ಏಕೆಂದರೆ ಒಂದು ಸಂಗತಿಯನ್ನು ನಿಜವೆಂದು ಇಟ್ಟುಕೊಂಡೇ ಇವು ಕೇಳುತ್ತವೆ. ಇದರ ಹೊಣೆಯೂ ಅಷ್ಟೇ ದೊಡ್ಡದು. ‘ಅಡಿಕೆ ಧಾರಣೆ ಕುಸಿದದ್ದೇಕೆ?’ ಎಂದು ಬರೆದ ಕ್ಷಣ ಧಾರಣೆ ಕುಸಿದಿದೆ ಎಂದು ನೀವು ಸಾರಿದಂತಾಯಿತು. ಒಂದು ದಿನದ ಏರಿಳಿತವನ್ನು ಹಿಡಿದು ಹೀಗೆ ಬರೆದರೆ ಮಾರಲು ಹೊರಟ ರೈತನಿಗೆ ಪೆಟ್ಟು ಬೀಳುತ್ತದೆ.

ಪದ ಉಳಿಸುವ ಭರದಲ್ಲಿ ಆಗುವ ಇನ್ನೊಂದು ಅನಾಹುತ ಇದೆ, ಸಂಘದ ಪತ್ರಿಕೆಯವರು ಇದರ ಬಗ್ಗೆ ವಿಶೇಷ ಎಚ್ಚರದಿಂದಿರಬೇಕು. ‘ಹಣ ದುರ್ಬಳಕೆ ಮಾಡಿದ ಸಂಘದ ಕಾರ್ಯದರ್ಶಿಯ ಸಹೋದರನ ಬಂಧನ’. ದುರ್ಬಳಕೆ ಮಾಡಿದ್ದು ಸಂಘವೇ, ಕಾರ್ಯದರ್ಶಿಯೇ, ಸಹೋದರನೇ? ‘ಮಾಡಿದ’ ಎಂಬುದು ಮುಂದಿನ ಮೂರು ಹೆಸರುಗಳಲ್ಲಿ ಯಾವುದಕ್ಕೆ ಬೇಕಾದರೂ ಅಂಟಿಕೊಳ್ಳುತ್ತದೆ. ‘ಹಣ ದುರ್ಬಳಕೆ ಆರೋಪ: ಕಾರ್ಯದರ್ಶಿಯ ಸಹೋದರ ಬಂಧನ’ ಎಂದರೂ ಅನುಮಾನ ಪೂರ್ತಿ ಹೋಗದು. ಸಹೋದರನನ್ನು ಅವನ ಸ್ವಂತ ಕೆಲಸದಿಂದ ಗುರುತಿಸಿ ಬರೆಯುವುದೇ ಸರಿ, ಕಾರ್ಯದರ್ಶಿಯ ಉಲ್ಲೇಖ ಅಗತ್ಯವಿದ್ದರೆ ಒಳಗೆ ಬರಲಿ. ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ ಪಾರಾಗಬಹುದು ಎಂಬ ನಂಬಿಕೆ ಅಪಾಯಕಾರಿ. ಮಾನಹಾನಿಯ ಕಾನೂನು, ಅಂದರೆ ಈಗಿನ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್, ‘ಇದೋ ಅದೋ’ ಎಂಬ ರೂಪದಲ್ಲಿ ಅಥವಾ ವ್ಯಂಗ್ಯವಾಗಿ ಆಡಿದ ಮಾತೂ ಮಾನಹಾನಿಯಾಗಬಹುದು ಎನ್ನುತ್ತದೆ.

‘ಶಾಕ್’ ಮಾದರಿಯ ಬಗ್ಗೆ

ಅದು ಕೆಲಸ ಮಾಡುವುದಿಲ್ಲ ಎಂದು ಹೇಳಲಾರೆ. ಒಂದೆರಡು ಸಲ ಮಾಡುತ್ತದೆ. ಅಪ್‌ವರ್ದಿಯ ಪರೀಕ್ಷೆಗಳಲ್ಲಿ ಬಳಸಿದ ಒಂದು ಲಕ್ಷಕ್ಕೂ ಹೆಚ್ಚು ತಲೆಬರಹಗಳನ್ನು ವಿಶ್ಲೇಷಿಸಿ 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಸರಾಸರಿ ಉದ್ದದ ತಲೆಬರಹದಲ್ಲಿ ಕೆಡುಕಿನ ಭಾವದ ಪದ ಒಂದು ಹೆಚ್ಚಾದರೆ ತೆರೆಯುವವರ ಪ್ರಮಾಣ ಶೇ 2.3ರಷ್ಟು ಏರುತ್ತಿತ್ತು. ನೂರು ಮಂದಿ ತೆರೆಯುವ ಕಡೆ ನೂರಾ ಎರಡು ಮಂದಿ, ಅಷ್ಟೇ. ಅದೂ ಇಂಗ್ಲಿಷ್ ಓದುಗರಲ್ಲಿ. ಇಷ್ಟು ಲಾಭಕ್ಕೆ ಸದಸ್ಯರ ನಂಬಿಕೆಯನ್ನು ಒತ್ತೆ ಇಡಬಾರದು. ಫೇಸ್‌ಬುಕ್ 2014ರ ಆಗಸ್ಟ್‌ನಲ್ಲಿ, ಓದುಗರು ಲಿಂಕ್ ತೆರೆದ ಮೇಲೆ ಎಷ್ಟು ಹೊತ್ತು ಅಲ್ಲಿರುತ್ತಾರೆ ಎಂಬುದನ್ನು ಗಮನಿಸಿ, ತಕ್ಷಣ ಹಿಂದಿರುಗಿಸುವಂಥ ಕೊಂಡಿಗಳನ್ನು ಕೆಳಗೆ ತಳ್ಳುವುದಾಗಿ ಘೋಷಿಸಿತು. 2016ರಲ್ಲಿ, ಮುಖ್ಯ ಮಾಹಿತಿಯನ್ನು ಬೇಕೆಂದೇ ಬಚ್ಚಿಡುವ ಮತ್ತು ಉತ್ಪ್ರೇಕ್ಷಿಸುವ ತಲೆಬರಹಗಳನ್ನೇ ಗುರಿಯಾಗಿಸಿತು. ನಿಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅಂಥ ಯಂತ್ರ ಇಲ್ಲ, ಸದಸ್ಯರ ನೆನಪು ಇದೆ. ಎರಡು ಸಲ ಮೋಸಹೋದವರು ಮೂರನೆಯ ಸಲ ನಿಜವಾದ ಎಚ್ಚರಿಕೆಯನ್ನೂ ತೆರೆಯುವುದಿಲ್ಲ.

ಇನ್ನೊಂದು ಕಾರಣ ಇದಕ್ಕಿಂತ ಗಂಭೀರ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯ ಮತ್ತು ಫ್ರಾನ್ಸ್‌ನ ಸಂಶೋಧಕರು 2016ರಲ್ಲಿ ಲೆಕ್ಕಹಾಕಿದಂತೆ, ಟ್ವಿಟರ್‌ನಲ್ಲಿ ಹಂಚಿಕೆಯಾದ ಸುದ್ದಿಕೊಂಡಿಗಳಲ್ಲಿ ಶೇ 59ರಷ್ಟನ್ನು ಯಾರೂ ತೆರೆದೇ ಇರಲಿಲ್ಲ. ತಲೆಬರಹ ಮಾತ್ರ ಊರೂರು ಸುತ್ತಿತ್ತು. ದಾರಿತಪ್ಪಿಸುವ ತಲೆಬರಹವಿದ್ದರೆ ಪೂರ್ತಿ ಲೇಖನ ಓದಿದವರ ನೆನಪೂ ವಾಲುತ್ತದೆ ಎಂದು 2014ರಲ್ಲಿ ಪ್ರಕಟವಾದ ಮನಶ್ಶಾಸ್ತ್ರದ ಪ್ರಯೋಗಗಳು ತೋರಿಸಿವೆ. ‘ಒಳಗೆ ಸರಿಯಾಗಿಯೇ ಬರೆದಿದ್ದೇವಲ್ಲ’ ಎಂಬ ಸಮಾಧಾನ ನಿಲ್ಲುವುದಿಲ್ಲ. ಆದ್ದರಿಂದ ತಲೆಬರಹವನ್ನಷ್ಟೇ ಓದಿದ ರೈತ ನಾಳೆ ಬೆಳಿಗ್ಗೆ ತೋಟದಲ್ಲಿ ಏನು ಮಾಡುತ್ತಾನೆ ಎಂದು ಪ್ರತಿ ಸಲವೂ ಕೇಳಿಕೊಳ್ಳಿ. ‘ಬೋರ್ಡೋದಿಂದ ಅಡಿಕೆಗೆ ಹಾನಿ!’ ಎಂದು ಬರೆದರೆ ಯಾರೋ ಒಬ್ಬರು ಸಿಂಪಡಣೆಯನ್ನೇ ಬಿಟ್ಟು ಫಸಲು ಕಳೆದುಕೊಳ್ಳಬಹುದು. ತಲೆಬರಹ ಅದರ ಕೆಳಗಿನ ಬರಹಕ್ಕೆ ಸಮರ್ಥನೀಯವಾಗಿರಬೇಕು, ಉದ್ರೇಕಕಾರಿ ಆಗಿರಬಾರದು ಎಂಬುದು ಭಾರತೀಯ ಪತ್ರಿಕಾ ಮಂಡಳಿಯ ನಡತೆ ಸೂತ್ರಗಳಲ್ಲೂ ಇದೆ.

‘ಇಲ್ಲಿದೆ ಸಂಪೂರ್ಣ ಮಾಹಿತಿ’, ‘ಯಾಕೆ ಗೊತ್ತಾ?’, ‘ಭರ್ಜರಿ ಸಿಹಿಸುದ್ದಿ’, ‘ಬಿಗ್ ಶಾಕ್’ ಇವನ್ನು ಯಾವ ತಲೆಬರಹದಿಂದ ಅಳಿಸಿದರೂ ಒಂದು ಸಂಗತಿಯೂ ಕಡಿಮೆಯಾಗುವುದಿಲ್ಲ. ಅಷ್ಟು ಜಾಗದಲ್ಲಿ ‘ಸುಣ್ಣ’, ‘ಚಾಕು’ ಎಂಬಂಥ ಎರಡು ಗಟ್ಟಿ ಪದ ಹಿಡಿಸುತ್ತವೆ.

ಕುತೂಹಲವನ್ನೇ ಬಳಸಬಾರದ ಬರಹಗಳೂ ಇವೆ. ಅರ್ಜಿ, ವಿಮೆ, ಸಾಲ ಮರುಪಾವತಿಗೆ ಕೊನೆಯ ದಿನಾಂಕ ಇದ್ದರೆ ಅದು ತಲೆಬರಹದಲ್ಲೇ ಅಂಕಿಯಲ್ಲಿ ಬರಬೇಕು. ಕೀಟನಾಶಕದ ವಿಷಬಾಧೆ, ನೆರೆ, ಗುಡ್ಡ ಕುಸಿತದ ಎಚ್ಚರಿಕೆಗಳಲ್ಲಿ ಸ್ಥಳ ಮತ್ತು ಮಾಡಬೇಕಾದದ್ದು ಮೊದಲು. ವಾರ್ಷಿಕ ಸಭೆಗೆ ದಿನ, ಗಂಟೆ, ಜಾಗ ಸಾಕು. ರೈತರ ಆತ್ಮಹತ್ಯೆಯ ವಿಷಯದಲ್ಲಂತೂ ವಿಧಾನ, ಸ್ಥಳ ತಲೆಬರಹದಲ್ಲಿ ಬರಲೇಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯ ಆಧಾರದಲ್ಲಿ ಪತ್ರಿಕಾ ಮಂಡಳಿ 2019ರಲ್ಲಿ ಈ ಬಗ್ಗೆ ಸೂಚನೆ ಹೊರಡಿಸಿದೆ.

ತೆರೆದ ಮೇಲೆ

ತಲೆಬರಹ ಎಬ್ಬಿಸಿದ ಪ್ರಶ್ನೆಗೆ ಮೊದಲ ಎರಡು ಪ್ಯಾರಾಗಳಲ್ಲೇ ಉತ್ತರ ಸಿಗಲಿ. ಚಾಕುವಿಗಾಗಿ ಬಂದವನಿಗೆ ಅಡಿಕೆಯ ಇತಿಹಾಸ, ರೋಗಾಣುವಿನ ವೈಜ್ಞಾನಿಕ ಹೆಸರು ಮೊದಲು ಬೇಡ. ಉತ್ತರ ಬೇಗ ಕೊಟ್ಟರೆ ಓದುಗ ಹೊರಟುಹೋಗುತ್ತಾನೆ ಎಂಬ ಹೆದರಿಕೆಗೆ ಆಧಾರವಿಲ್ಲ, ಒಂದು ಒಳ್ಳೆಯ ಉತ್ತರ ಮುಂದಿನ ಪ್ರಶ್ನೆಯನ್ನು ಹುಟ್ಟಿಸುತ್ತದೆ: ಅಲಗು ಕೆಂಪಾದರೆ ಎಷ್ಟು ಸುಣ್ಣ ಸೇರಿಸಬೇಕು, ಹೇಗೆ? ಸುಣ್ಣದ ತಿಳಿನೀರನ್ನು ಸ್ವಲ್ಪ ಸ್ವಲ್ಪವೇ ಬೆರೆಸುತ್ತಾ, ಅಲಗಿನಲ್ಲಿ ಕೆಂಪು ಕಾಣದಾಗುವವರೆಗೆ ಪರೀಕ್ಷೆ ಮಾಡಬೇಕು ಎಂಬುದು ಅಲ್ಲಿ ಬರಲಿ. ಜೊತೆಗಿನ ಚಿತ್ರದಲ್ಲಿ ಕೆಂಪಾದ ಅಲಗನ್ನೇ ಹಾಕಿದರೆ ಉಳಿಸಿಕೊಂಡದ್ದು ಅಲ್ಲೇ ಬಯಲಾಗುತ್ತದೆ. ಬ್ಯಾರೆಲ್ ಪಕ್ಕ ಚಾಕು ಹಿಡಿದ ಕೈ ಸಾಕು. ಲಿಂಕಿನ ಮೇಲೆ ನೀವು ಟೈಪ್ ಮಾಡುವ ಸಾಲಿನಲ್ಲಿ ತಲೆಬರಹವನ್ನೇ ಮತ್ತೆ ಬರೆಯಬೇಡಿ. ಯಾರಿಗೆ, ಯಾವಾಗ ಬೇಕು ಎಂಬುದನ್ನು ಅಲ್ಲಿ ಹೇಳಿ: ‘ಈ ವಾರ ಮೊದಲ ಔಷಧಿ ಹೊಡೆಸುವವರಿಗೆ’.

ಕಳಿಸುವ ಮುನ್ನ ಐದು ಬೆಳೆಗಾರರಿಗೆ ತಲೆಬರಹ ಮಾತ್ರ ತೋರಿಸಿ, ಒಳಗೆ ಏನಿರಬಹುದು ಎಂದು ಕೇಳಿ. ಐವರೂ ಸರಿಯುತ್ತರ ಹೇಳಿದರೆ ಅಂತರ ಉಳಿದಿಲ್ಲ. ವಿಷಯವೇ ಯಾವುದೆಂದು ತಿಳಿಯದಿದ್ದರೆ ತೀರಾ ಬಚ್ಚಿಟ್ಟಿದ್ದೀರಿ. ‘ಬೋರ್ಡೋ ಬಗ್ಗೆ, ಆದರೆ ಚಾಕು ಯಾಕೆ?’ ಎಂದು ಅವರೇ ತಿರುಗಿ ಕೇಳಿದರೆ ಅದನ್ನೇ ಇಟ್ಟುಕೊಳ್ಳಿ. ಎರಡು ಗುಂಪುಗಳಿಗೆ ಎರಡು ತಲೆಬರಹ ಕಳಿಸಿ ಹೋಲಿಸುವುದಾದರೆ ಒಂದೇ ದಿನ, ಒಂದೇ ಹೊತ್ತಿಗೆ ಕಳಿಸಿ. ಒಂದರಲ್ಲಿ 40, ಇನ್ನೊಂದರಲ್ಲಿ 46 ಮಂದಿ ತೆರೆದರು ಎಂಬಷ್ಟು ಸಣ್ಣ ವ್ಯತ್ಯಾಸದಿಂದ ಏನನ್ನೂ ತೀರ್ಮಾನಿಸಬೇಡಿ. ಹಲವು ತಿಂಗಳು ಒಂದೇ ಬಗೆಯ ತಲೆಬರಹ ಮುಂದಿದ್ದರೆ ಆಗ ನಂಬಬಹುದು.

ವಾಟ್ಸ್‌ಆ್ಯಪ್‌ನಲ್ಲಿ ಲಿಂಕಿನ ಜೊತೆ ಕಾಣುವ ಶೀರ್ಷಿಕೆ ಕಳಿಸುವ ಹೊತ್ತಿನಲ್ಲೇ ಅಚ್ಚಾಗುತ್ತದೆ. ಆಮೇಲೆ ನೀವು ಪುಟದಲ್ಲಿ ತಿದ್ದಿದರೂ ಆಗಲೇ ಹೋದ ಸಂದೇಶದಲ್ಲಿ ಹಳೆಯದೇ ಉಳಿಯುತ್ತದೆ. ತಲೆಬರಹದಲ್ಲಿ ತಪ್ಪು ಹೋಗಿದ್ದರೆ ಸದ್ದಿಲ್ಲದೆ ಪುಟ ಬದಲಿಸಿ ಸುಮ್ಮನಾಗಬೇಡಿ. ಪುಟದ ವಿಳಾಸ ಬದಲಿಸದೆ ಶೀರ್ಷಿಕೆ ತಿದ್ದಿ, ಅದೇ ಗುಂಪಿಗೆ ‘ತಿದ್ದುಪಡಿ’ ಎಂದು ಆರಂಭಿಸಿ, ಏನು ತಪ್ಪಿತ್ತು, ಸರಿಯಾದದ್ದು ಏನು ಎಂದು ಎರಡು ಸಾಲಿನಲ್ಲಿ ಬರೆದು ಮತ್ತೆ ಕಳಿಸಿ.